ಬಿದ್ದ ಸ್ಥಳವೂ ಕೆಟ್ಟ ಸ್ಥಳವೂ

ರಾಯಚೂರು ಸೀಮೆಯ ಯಾವ ಊರಿನಲ್ಲಾದರೂ ಸರಿ, ಪಹಣಿ ತೆಗೆಸಲೆಂದು ಹೋದ ರೈತನಿಗೆ ಒಂದಲ್ಲ ಒಂದು ದಿನ “ನೆಟ್ ಇಲ್ಲರಿ, ಸಂಜಿಮುಂದ ಬರ್ರಿ” ಎಂಬ ಉತ್ತರ ದೊರೆಯುತ್ತದೆ. ಆ ಉತ್ತರದ ಹಿಂದೆ ಎಷ್ಟು ಬಗೆಯ ಕಾರಣಗಳು ಅಡಗಿರಬಹುದೆಂಬುದನ್ನು ಕೇಳಿದವನೂ ವಿಚಾರಿಸುವುದಿಲ್ಲ, ಹೇಳಿದವನೂ ವಿಚಾರಿಸುವುದಿಲ್ಲ. ದಾರಿಯಲ್ಲಿ ಕೇಬಲ್ ತುಂಡಾಗಿರಬಹುದು. ಬೆಂಗಳೂರಿನ ಯಂತ್ರ ನಿಂತಿರಬಹುದು. ಅಥವಾ, ನಾವು ಇಲ್ಲಿ ಪರ್ಯಾಲೋಚಿಸಬೇಕೆಂದಿರುವಂತೆ, ಮೇಜಿನ ಕೆಳಗಿರುವ ಕಂಪ್ಯೂಟರಿನೊಳಗೇ, ಅದರ ಕಾರ್ಯಾಚರಣ ವ್ಯವಸ್ಥೆಯ ಗರ್ಭದಲ್ಲಿರುವ ಕರ್ನೆಲ್ ಎಂಬ ಭಾಗದಲ್ಲಿ, ನೆಟ್‌ವರ್ಕ್ ಕಾರ್ಡನ್ನು ನಡೆಸುವ ಡ್ರೈವರ್ ಎಂಬ ಪುಟ್ಟ ಕಾರ್ಯಕ್ರಮ ಕುಸಿದು, ತನ್ನೊಡನೆ ಇಡೀ ಯಂತ್ರವನ್ನು ಕೆಡವಿರಬಹುದು. 2001ರ ಸುಮಾರಿನಲ್ಲಿ ಭೂಮಿ ಯೋಜನೆಯ ಮೂಲಕ ಕರ್ನಾಟಕದ ಸುಮಾರು 2 ಕೋಟಿ ಭೂದಾಖಲೆಗಳು ಗ್ರಾಮಲೆಕ್ಕಿಗರ ಕಡತವನ್ನು ಬಿಟ್ಟು ಕಂಪ್ಯೂಟರನ್ನು ಸೇರಿದಂದಿನಿಂದ, ಇಂಥದೊಂದು ಕುಸಿತವು ಕೇವಲ ಯಂತ್ರಜ್ಞರ ತಲೆನೋವಾಗಿ ಉಳಿಯದೆ, ಬ್ಯಾಂಕಿನ ಸಾಲಕ್ಕೂ ಬೆಳೆವಿಮೆಗೂ ಹೊಲದ ಖರೀದಿಗೂ ತಗಲುವ ಸಂಗತಿಯಾಗಿದೆ.

ಆದಕಾರಣ ಈ ಪ್ರಶ್ನೆಯನ್ನು ಆಮೂಲಾಗ್ರವಾಗಿ ನೋಡುವುದು ಅನುಚಿತವಲ್ಲ: ಡ್ರೈವರ್ ಬಿದ್ದಾಗ ಕೆಟ್ಟದ್ದು ಯಾವುದು, ಕೆಡಿಸಿದವರು ಯಾರು, ಅದನ್ನು ಕಂಡುಕೊಳ್ಳುವ ಬಗೆ ಯಾವುದು? ಕಳೆದ ಮೂರು ನಾಲ್ಕು ದಶಕಗಳಲ್ಲಿ ಈ ವಿಷಯದಲ್ಲಿ ನಡೆದಿರುವ ಕೆಲಸ ಅಪಾರ. ಅದರಲ್ಲಿ ಕನ್ನಡ ನೆಲದಲ್ಲಿ ಕುಳಿತು ಮಾಡಿದವರ ಪಾಲು ಸಾಮಾನ್ಯರು ಊಹಿಸುವುದಕ್ಕಿಂತ ಹೆಚ್ಚಿನದು.

ಮೊದಲು ಡ್ರೈವರಿನ ಸ್ವಭಾವವನ್ನು ತಿಳಿಯಬೇಕು. ನಾವು ಪತ್ರ ಬರೆಯಲೂ ಲೆಕ್ಕ ಹಾಕಲೂ ಬಳಸುವ ಸಾಮಾನ್ಯ ಕಾರ್ಯಕ್ರಮವು ತನಗೆ ಗೊತ್ತುಮಾಡಿಕೊಟ್ಟ ಮೆಮೊರಿಯ ಎಲ್ಲೆಯನ್ನು ದಾಟಿದರೆ ಕರ್ನೆಲ್ ಅದನ್ನು ಅಲ್ಲಿಯೇ ಮುಗಿಸಿಬಿಡುತ್ತದೆ. ಉಳಿದ ಯಂತ್ರಕ್ಕೆ ಏನೂ ಆಗುವುದಿಲ್ಲ. ಡ್ರೈವರಾದರೋ ಕರ್ನೆಲಿನ ಒಳಗೇ ವಾಸಿಸುವ, ಕರ್ನೆಲಿನ ಸಮಸ್ತ ಅಧಿಕಾರವನ್ನೂ ಹೊಂದಿರುವ ಪ್ರಜೆ. ಅದು ತಪ್ಪಿದರೆ ತಡೆಯುವವರಿಲ್ಲ. ನೆಟ್‌ವರ್ಕ್ ಕಾರ್ಡಿನ ಡ್ರೈವರಿಗೆ ಇದರ ಮೇಲೆ ಇನ್ನೊಂದು ವಿಶೇಷ ಅಪಾಯವುಂಟು. ತಂತಿಯಿಂದ ಬರುವ, ಪ್ಯಾಕೆಟ್ಟುಗಳೆಂಬ ಮಾಹಿತಿಯ ಕಟ್ಟುಗಳನ್ನು ಒಂದೊಂದಾಗಿ ಪ್ರೊಸೆಸರಿನ ಕೈಗೆ ಕೊಡುತ್ತ ಕುಳಿತರೆ ಕೆಲಸ ಸಾಗದಾದ್ದರಿಂದ, ಡ್ರೈವರು ಮೆಮೊರಿಯಲ್ಲಿ ಖಾಲಿ ಜಾಗಗಳನ್ನು ಗೊತ್ತುಮಾಡಿ, ಅವುಗಳ ವಿಳಾಸಗಳನ್ನು ಉಂಗುರದಾಕಾರದ ಒಂದು ಪಟ್ಟಿಯಲ್ಲಿ ಬರೆದು ಕಾರ್ಡಿಗೆ ಒಪ್ಪಿಸುತ್ತದೆ. ಆಮೇಲೆ ಕಾರ್ಡು ಪ್ರೊಸೆಸರನ್ನು ಕೇಳದೆಯೇ ನೇರವಾಗಿ ಆ ಜಾಗಗಳಿಗೆ ಬರೆಯುತ್ತ, ಆಗಾಗ ಇಂಟರಪ್ಟ್ ಎಂಬ ಸೂಚನೆಯ ಮೂಲಕ ‘ಬರೆದಿದ್ದೇನೆ, ನೋಡು’ ಎಂದು ತಿಳಿಸುತ್ತದೆ. ಈ ಒಪ್ಪಂದದಲ್ಲಿ ಒಂದು ಕೂದಲೆಳೆಯಷ್ಟು ವ್ಯತ್ಯಾಸವಾದರೂ ಸಾಕು. ಡ್ರೈವರು ಒಂದು ಜಾಗವನ್ನು ಬಿಟ್ಟುಕೊಟ್ಟು, ಕರ್ನೆಲು ಅದನ್ನು ಬೇರೆ ಯಾವುದೋ ಕೆಲಸಕ್ಕೆ ಹಂಚಿದ ಮೇಲೆಯೂ, ಹಳೆಯ ವಿಳಾಸವನ್ನೇ ನಂಬಿದ ಕಾರ್ಡು ಅಲ್ಲಿಗೆ ಒಂದು ಪ್ಯಾಕೆಟ್ಟನ್ನು ತಂದು ಸುರಿದರೆ, ಯಂತ್ರ ಬೀಳುವುದು ಆ ಕ್ಷಣದಲ್ಲಲ್ಲ. ಆ ಜಾಗವನ್ನು ಪಡೆದಿದ್ದ ಬಡಪಾಯಿ ಇನ್ನೊಬ್ಬನು ಅದನ್ನು ಓದಿದಾಗ. ಆ ಇನ್ನೊಬ್ಬನು ಡಿಸ್ಕಿನ ಭಾಗದವನಾಗಿರಬಹುದು, ಧ್ವನಿಯ ಭಾಗದವನಾಗಿರಬಹುದು. ಪರದೆಯ ಮೇಲೆ ಮೂಡುವ ಮರಣವಾರ್ತೆಯಲ್ಲಿ ಮಾತ್ರ ಅವನ ಹೆಸರೇ ಇರುತ್ತದೆ.

ಮಾನ್ವಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತುಂಗಭದ್ರಾ ಎಡದಂಡೆ ನಾಲೆಯು ಕೊಪ್ಪಳ ಸೀಮೆಯಿಂದ ರಾಯಚೂರು ಸೀಮೆಗೆ ಸುಮಾರು 227 ಕಿಲೋಮೀಟರ್ ಹರಿದು ಬರುತ್ತದೆ. ಕೆಳಭಾಗದ ಮಾನ್ವಿ, ಸಿರವಾರ, ರಾಯಚೂರು ತಾಲ್ಲೂಕುಗಳಲ್ಲಿ ಭತ್ತ ಒಣಗಿದರೆ, ಒಣಗಿದ ಗದ್ದೆಯಲ್ಲಿ ತಪ್ಪನ್ನು ಹುಡುಕುವ ಮೂಢನು ಯಾರೂ ಇಲ್ಲ. 69ನೇ ಮೈಲಿನಲ್ಲಿ ಗೇಜ್ ಎಷ್ಟಿತ್ತು, 104ನೇ ಮೈಲಿನಲ್ಲಿ ಎಷ್ಟಿದೆ, ನಡುವೆ ನೀರು ಎಲ್ಲಿ ಹೋಯಿತು ಎಂದು ಮೇಲುಮೇಲಕ್ಕೆ ನಡೆಯುತ್ತ ಹೋಗುವುದೇ ಅಲ್ಲಿಯ ನ್ಯಾಯ. ಕರ್ನೆಲಿನ ದೋಷಶೋಧನೆಯೂ ತತ್ತ್ವದಲ್ಲಿ ಇದಕ್ಕಿಂತ ಬೇರೆಯದಲ್ಲ. ಭೇದವಿಷ್ಟೆ, ಯಂತ್ರ ಬಿದ್ದ ಕ್ಷಣದಲ್ಲಿಯೇ ನಾಲೆಯೂ ಗೇಜೂ ಎರಡೂ ಮಾಯವಾಗಿಬಿಡುತ್ತವೆ. ಆದ್ದರಿಂದ ಈ ವಿದ್ಯೆಯ ಚರಿತ್ರೆಯೆಲ್ಲ, ನನ್ನ ದೃಷ್ಟಿಯಲ್ಲಿ, ತಪ್ಪನ್ನು ತಡೆಯುವ ಉಪಾಯಗಳ ಚರಿತ್ರೆಯಾಗಿರುವುದಕ್ಕಿಂತ ಹೆಚ್ಚಾಗಿ ಸಾಕ್ಷ್ಯವನ್ನು ಉಳಿಸಿಕೊಳ್ಳುವ ಉಪಾಯಗಳ ಚರಿತ್ರೆಯಾಗಿದೆ.

ಬಿದ್ದ ಸ್ಥಳಕ್ಕೂ ಕೆಟ್ಟ ಸ್ಥಳಕ್ಕೂ ಎಷ್ಟು ದೂರವಿರಬಹುದೆಂಬುದಕ್ಕೆ 2008ರ ಶರತ್ಕಾಲದಲ್ಲಿ ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ಲೋಕವನ್ನು ಕಂಗೆಡಿಸಿದ, ಇ1000ಇ ಎಂಬ ಡ್ರೈವರಿನ ಪ್ರಕರಣಕ್ಕಿಂತ ಉತ್ತಮ ನಿದರ್ಶನ ಸಿಕ್ಕಲಾರದು. ಇಂಟೆಲ್ ಸಂಸ್ಥೆಯ, ಅಂದಿನ ಲ್ಯಾಪ್‌ಟಾಪುಗಳ ತಾಯಿಹಲಗೆಯಲ್ಲಿಯೇ ಅಡಕವಾಗಿ ಬರುತ್ತಿದ್ದ ಒಂದು ಜಾತಿಯ ನೆಟ್‌ವರ್ಕ್ ಕಾರ್ಡುಗಳು, 2.6.27 ಎಂಬ ಕರ್ನೆಲ್ ಆವೃತ್ತಿಯ ಪರೀಕ್ಷಾ ಪ್ರತಿಗಳನ್ನು ಹಾಕಿದ ಯಂತ್ರಗಳಲ್ಲಿ ಇದ್ದಕ್ಕಿದ್ದಂತೆ ಸಾಯತೊಡಗಿದವು. ಸಾಯುವುದೆಂದರೆ ಯಂತ್ರವನ್ನು ಆರಿಸಿ ಹೊತ್ತಿಸಿದರೆ ಸರಿಹೋಗುವ ಮೂರ್ಛೆಯಲ್ಲ. ಕಾರ್ಡು ತನ್ನ ಗುರುತನ್ನೂ ನಡೆವಳಿಯನ್ನೂ ಬರೆದಿಟ್ಟುಕೊಳ್ಳುವ ಶಾಶ್ವತ ಮೆಮೊರಿಯಲ್ಲಿಯೇ ಕಸ ತುಂಬಿಕೊಂಡು, ಬೇರೆ ಕರ್ನೆಲ್ ಹಾಕಿದರೂ, ಬೇರೆ ಕಾರ್ಯಾಚರಣ ವ್ಯವಸ್ಥೆಯನ್ನೇ ಹಾಕಿದರೂ ಏಳದಂಥ ಮರಣ. ಸಹಜವಾಗಿಯೇ ಮೊದಲ ಸಂಶಯ ಡ್ರೈವರಿನ ಮೇಲೆ ಬಂತು. ಅದನ್ನು ಬಗೆದು ನೋಡಿದಾಗ ಶಾಶ್ವತ ಮೆಮೊರಿಯ ಬಳಕೆಯಲ್ಲಿ ಸರಿಯಾದ ಬೀಗವಿಲ್ಲದ ಒಂದು ಸಂದು ಕಂಡುಬಂತು. ಅದು ನಿಜವಾದ ದೋಷವೇ, ತಿದ್ದಬೇಕಾದದ್ದೇ, ಆದರೆ ಈ ಕೊಲೆ ಅದರದಲ್ಲ. ಆಮೇಲೆ ಚಿತ್ರಪರದೆಯ ತಂತ್ರಾಂಶದ ಮೇಲೆ ಸಂಶಯ ಬಂತು, ಅದೂ ನಿರಪರಾಧಿಯಾಗಿತ್ತು.

ಈ ಅನ್ವೇಷಣೆಯ ಕಷ್ಟವನ್ನು ಓದುಗರು ಸ್ವಲ್ಪ ಊಹಿಸಿಕೊಳ್ಳಬೇಕು. ಸಾಮಾನ್ಯ ದೋಷವಾದರೆ, ಹಳೆಯ ಒಳ್ಳೆಯ ಆವೃತ್ತಿ ಒಂದು, ಹೊಸ ಕೆಟ್ಟ ಆವೃತ್ತಿ ಒಂದು, ಇವೆರಡರ ನಡುವಣ ಸಾವಿರಾರು ತಿದ್ದುಪಡಿಗಳನ್ನು ಅರ್ಧರ್ಧವಾಗಿ ಸೀಳುತ್ತ, ಪ್ರತಿಸಲವೂ ಯಂತ್ರವನ್ನು ಬೀಳಿಸಿ ನೋಡುತ್ತ, ಹತ್ತು ಹದಿನೈದು ಹೆಜ್ಜೆಗಳಲ್ಲಿ ತಪ್ಪಿತಸ್ಥ ತಿದ್ದುಪಡಿಯನ್ನು ಮುಟ್ಟಬಹುದು. ಗಿಟ್ ಎಂಬ ಉಪಕರಣದಲ್ಲಿ ಇದಕ್ಕೆ ಬೈಸೆಕ್ಟ್ ಎಂದು ಹೆಸರು. ಇಲ್ಲಿಯಾದರೋ ಒಂದೊಂದು ಪ್ರಯೋಗಕ್ಕೂ ಒಂದೊಂದು ಕಾರ್ಡು ಬಲಿಯಾಗುವ ಸಂಭವ! ಇಂಟೆಲ್ ಸಂಸ್ಥೆಯವರು ಕಾರ್ಡಿನ ಶಾಶ್ವತ ಮೆಮೊರಿಗೆ ಬರೆಯುವ ಬಾಗಿಲನ್ನು ಮುಚ್ಚುವ ತಿದ್ದುಪಡಿಯನ್ನು ಕೊಟ್ಟು ಮುಂದಿನ ಸಾವುಗಳನ್ನು ತಡೆದರು. ಆದರೆ ಬಾಗಿಲು ಹಾಕಿದ್ದರಿಂದ ಕಳ್ಳನು ಯಾರೆಂಬುದು ತಿಳಿದಂತಾಗಲಿಲ್ಲ. 2008ರ ಅಕ್ಟೋಬರ್ 9ರಂದು 2.6.27 ಆವೃತ್ತಿ ಹೊರಬಿದ್ದಾಗಲೂ ಮೂಲಕಾರಣ ಲೋಕಕ್ಕೆ ಪ್ರಕಟವಾಗಿರಲಿಲ್ಲ.

ಕಡೆಗೆ ಸಿಕ್ಕಿಬಿದ್ದವನು ನೆಟ್‌ವರ್ಕಿಗೂ ತನಗೂ ಸಂಬಂಧವೇ ಇಲ್ಲದ, ಅದೂ ದೋಷಶೋಧನೆಗೆಂದೇ ಹುಟ್ಟಿದ ಒಂದು ಉಪಕರಣ. ಎಫ್‌ಟ್ರೇಸ್ ಎಂಬ ಆ ಸಾಧನವು ಕರ್ನೆಲಿನ ಒಂದೊಂದು ಕ್ರಿಯೆಯೂ ಯಾವಾಗ ನಡೆಯಿತೆಂದು ಗುರುತಿಸಲು, ನಡೆಯುತ್ತಿರುವ ಕರ್ನೆಲಿನ ಆಜ್ಞೆಗಳನ್ನು ನಿಂತ ನೆಲದಲ್ಲಿಯೇ ತಿದ್ದಿ ಬರೆಯುತ್ತಿತ್ತು. ತಿದ್ದಬೇಕಾದ ಸ್ಥಾನಗಳ ವಿಳಾಸಗಳನ್ನು ಒಂದು ಪಟ್ಟಿಯಲ್ಲಿ ಇಟ್ಟುಕೊಂಡಿತ್ತು. ಆದರೆ ಕರ್ನೆಲಿಗೆ ಸೇರಿಸುವ ಮಾಡ್ಯೂಲುಗಳಲ್ಲಿ ಆರಂಭಕ್ಕೆ ಮಾತ್ರ ಬೇಕಾಗುವ ಭಾಗವೊಂದಿರುತ್ತದೆ. ಆ ಕೆಲಸ ಮುಗಿದೊಡನೆ ಅದರ ಜಾಗವನ್ನು ಕರ್ನೆಲ್ ಹಿಂದಕ್ಕೆ ಪಡೆಯುತ್ತದೆ. ಎಫ್‌ಟ್ರೇಸಿನ ಪಟ್ಟಿಯಲ್ಲಿ ಮಾತ್ರ ಆ ಹಳೆಯ ವಿಳಾಸ ಉಳಿದುಕೊಂಡಿತ್ತು. ಆ ವಿಳಾಸದಲ್ಲಿ ಈಗ ಹೊಸದಾಗಿ ಬಂದು ನೆಲಸಿದ್ದು, ದುರ್ದೈವದಿಂದ, ನೆಟ್‌ವರ್ಕ್ ಕಾರ್ಡಿನ ಶಾಶ್ವತ ಮೆಮೊರಿಯ ಕಿಂಡಿ. ಎಫ್‌ಟ್ರೇಸ್ ಬರೆಯುವ ಮುನ್ನ ಅಲ್ಲಿ ಹಳೆಯ ಆಜ್ಞೆಯೇ ಇದೆಯೇ ಎಂದು ಹೋಲಿಸಿ ನೋಡುವಷ್ಟು ಎಚ್ಚರ ವಹಿಸಿತ್ತು, ನಿಜ. ಆದರೆ ಹೋಲಿಸಿ ಬದಲಿಸುವ ಆ ಪ್ರೊಸೆಸರ್ ಆಜ್ಞೆಯು ಹೋಲಿಕೆ ತಪ್ಪಿದಾಗಲೂ ಆ ಸ್ಥಾನಕ್ಕೆ ಒಂದು ಬರಹವನ್ನು ಕಳಿಸಿಯೇ ತೀರುತ್ತದೆ. ಸಾಮಾನ್ಯ ಮೆಮೊರಿಯಲ್ಲಿ ಓದಿದ್ದನ್ನೇ ಮತ್ತೆ ಬರೆದರೆ ಕೇಡಿಲ್ಲ. ಸಾಧನದ ಕಿಂಡಿಗೆ ಬರೆದರೆ ಅದು ಸಾಧನಕ್ಕೆ ಕೊಟ್ಟ ಅಪ್ಪಣೆಯಾಗುತ್ತದೆ. ಅಕ್ಟೋಬರ್ ಮಧ್ಯದಲ್ಲಿ ಬಂದ 2.6.27.1 ಎಂಬ ತಿದ್ದಿದ ಆವೃತ್ತಿಯಲ್ಲಿ ಎಫ್‌ಟ್ರೇಸಿನ ಆ ಭಾಗವನ್ನು ಮುಚ್ಚಲಾಯಿತು. ಅದರ ಕರ್ತೃವಾದ ಸ್ಟೀವನ್ ರೋಸ್ಟೆಡ್ ಮುಂದೆ ಅದನ್ನು ಬೇರೆ ಕ್ರಮದಲ್ಲಿ ಕಟ್ಟಿದರು. ಇಂದು ಕರ್ನೆಲಿನ ಕೆಲಸ ಮಾಡುವವರಲ್ಲಿ ಎಫ್‌ಟ್ರೇಸ್ ಬಳಸದವರು ವಿರಳ.

ಇನ್ನೊಂದು ಪ್ರಕರಣವನ್ನು ಸಂಕ್ಷೇಪವಾಗಿ ಹೇಳಬಹುದು. 2013ರ ಫೆಬ್ರವರಿಯಲ್ಲಿ ಕ್ರಿಸ್ಟಿಯನ್ ಕೀಲ್‌ಹಾಫ್ನರ್ ಎಂಬ ಅಮೆರಿಕದ ಎಂಜಿನಿಯರು, 82574ಎಲ್ ಎಂಬ ಇಂಟೆಲ್ ಕಾರ್ಡು ಅಂತರ್ಜಾಲದ ದೂರವಾಣಿ ಕರೆಗಳ ನಡುವೆ ಆಗಾಗ ಸ್ತಬ್ಧವಾಗುವುದರ ಬೆನ್ನುಹತ್ತಿ ಹೋಗಿ, ಪ್ಯಾಕೆಟ್ಟಿನ ಒಂದು ಗೊತ್ತಾದ ಸ್ಥಾನದಲ್ಲಿ 2 ಎಂಬ ಅಂಕಿಯ ಅಕ್ಷರ ಬಂದರೆ ಕಾರ್ಡು ಸಾಯುತ್ತದೆಂದೂ, ಅದೇ ಸ್ಥಾನದಲ್ಲಿ 4 ಎಂಬುದು ಮೊದಲೇ ಬಂದಿದ್ದರೆ ಆಮೇಲೆ ಸಾಯುವುದಿಲ್ಲವೆಂದೂ ತೋರಿಸಿದರು. ಡ್ರೈವರಿನ ಸಾಲುಗಳನ್ನು ಕಣ್ಣು ಕೆಂಪಾಗುವಂತೆ ಓದಿದ್ದರೂ ಈ ರಹಸ್ಯ ಅಲ್ಲಿ ಸಿಕ್ಕುತ್ತಿರಲಿಲ್ಲ. ಏಕೆಂದರೆ ದೋಷವಿದ್ದದ್ದು ಕಾರ್ಡಿನ ಶಾಶ್ವತ ಮೆಮೊರಿಯಲ್ಲಿ ತಾಯಿಹಲಗೆಯ ತಯಾರಕರೊಬ್ಬರು ತುಂಬಿದ ಮಾಹಿತಿಯಲ್ಲಿ ಎಂದು ಇಂಟೆಲ್ ಸಂಸ್ಥೆ ವಿವರಣೆ ಕೊಟ್ಟಿತು. ಒಂದು ಪ್ರಕರಣದಲ್ಲಿ ತಪ್ಪು ಡ್ರೈವರಿನ ನೆರೆಮನೆಯಲ್ಲಿ, ಮತ್ತೊಂದರಲ್ಲಿ ಅದರ ಕೈಕೆಳಗಿನ ಯಂತ್ರದಲ್ಲಿ. ಎರಡರಲ್ಲಿಯೂ ಜನ ಬೈದದ್ದು ಡ್ರೈವರನ್ನು.

ಹೀಗೆಂದು ಡ್ರೈವರುಗಳು ಸಾಧುಗಳೆಂದು ತಿಳಿಯಲಾಗದು. ಸಿದ್ಧತೆ ಮುಗಿಯುವ ಮೊದಲೇ ಇಂಟರಪ್ಟಿಗೆ ಬಾಗಿಲು ತೆರೆಯುವುದು, ಅದೇ ತಂತಿಯನ್ನು ಹಂಚಿಕೊಂಡ ಬೇರೊಂದು ಸಾಧನದ ಸೂಚನೆ ಬಂದೊಡನೆ ಇನ್ನೂ ಕಟ್ಟದ ಪಟ್ಟಿಯನ್ನು ಮುಟ್ಟಿ ಬೀಳುವುದು. ಕಾರ್ಡನ್ನು ನಿಲ್ಲಿಸುವಾಗ ಒಬ್ಬನು ಉಂಗುರವನ್ನು ಬಿಚ್ಚುತ್ತಿರಲು ಇನ್ನೊಬ್ಬ ಪ್ರೊಸೆಸರಿನಲ್ಲಿ ಅದೇ ಉಂಗುರದಿಂದ ಪ್ಯಾಕೆಟ್ಟು ತೆಗೆಯುತ್ತಿರುವುದು. ಸ್ಲಾಟಿನಲ್ಲಿ ಸಡಿಲವಾದ ಕಾರ್ಡು ಯಂತ್ರದ ಸಂಪರ್ಕದಿಂದ ಕಳಚಿಕೊಂಡಾಗ, ಅದನ್ನು ಓದಿದರೆ ಬರುವ ‘ಎಲ್ಲ ಬಿಟ್ಟುಗಳೂ 1’ ಎಂಬ ಪೊಳ್ಳು ಉತ್ತರವನ್ನು ನಿಜವೆಂದು ನಂಬಿ, ಅದನ್ನೇ ಪಟ್ಟಿಯ ಕ್ರಮಸಂಖ್ಯೆಯಾಗಿ ಬಳಸಿ ಪಾತಾಳಕ್ಕಿಳಿಯುವುದು: ಇವೆಲ್ಲ ಡ್ರೈವರ್ ಬರೆಯುವವರು ತಲೆತಲಾಂತರದಿಂದ ಮಾಡುತ್ತ ಬಂದಿರುವ ತಪ್ಪುಗಳು. 2001ರಲ್ಲಿ ಸ್ಟ್ಯಾನ್‌ಫರ್ಡಿನ ಚೌ, ಎಂಗ್ಲರ್ ಮೊದಲಾದವರು ಲಿನಕ್ಸಿನ ಅನೇಕ ಆವೃತ್ತಿಗಳನ್ನು ಯಂತ್ರದ ಮೂಲಕ ಶೋಧಿಸಿ, ಡ್ರೈವರುಗಳಲ್ಲಿ ದೋಷದ ಪ್ರಮಾಣ ಉಳಿದ ಕರ್ನೆಲಿಗಿಂತ 3ರಿಂದ 7 ಪಟ್ಟು ಹೆಚ್ಚೆಂದು ತೀರ್ಮಾನಿಸಿದರು. ಈ ಮಾತನ್ನು ಇಂದಿಗೂ ಉದ್ಧರಿಸುವವರು, 2011ರಲ್ಲಿ ಫ್ರಾನ್ಸಿನ ಪಾಲಿಕ್ಸ್ ಮತ್ತು ಸಂಗಡಿಗರು ಅದೇ ಪರೀಕ್ಷೆಯನ್ನು ಮತ್ತೆ ನಡೆಸಿ, ಡ್ರೈವರುಗಳ ದೋಷಪ್ರಮಾಣ ತಗ್ಗಿ ಮೊದಲ ಸ್ಥಾನ ಬೇರೆ ಭಾಗಗಳಿಗೆ ಹೋಗಿದೆಯೆಂದು ಕಂಡದ್ದನ್ನು ಸಾಮಾನ್ಯವಾಗಿ ಹೇಳುವುದಿಲ್ಲ. ಒಮ್ಮೆ ಕೆಟ್ಟ ಹೆಸರು ಬಂದವನಿಗೆ ಅದು ಬೇಗ ಹೋಗದು.

ಇನ್ನು ಮರಣವಾರ್ತೆಯನ್ನು ಓದುವ ಬಗೆ. ಲಿನಕ್ಸಿನಲ್ಲಿ ಇದಕ್ಕೆ ಊಪ್ಸ್ ಎಂಬ, ಸಂದರ್ಭದ ಗಾಂಭೀರ್ಯಕ್ಕೆ ಸ್ವಲ್ಪವೂ ಒಪ್ಪದ ಹೆಸರಿದೆ. ವಿಂಡೋಸಿನಲ್ಲಿ ಎಲ್ಲರೂ ಕಂಡಿರುವ ನೀಲಿ ಪರದೆ. ಹೊಸಬರು ಇದನ್ನು ಕಂಡು ಹೆದರುತ್ತಾರೆ. ಆದರೆ ಇಷ್ಟು ಸತ್ಯವಾದಿಯಾದ ದಾಖಲೆ ಬೇರೊಂದಿಲ್ಲ. ಮುಟ್ಟಬಾರದ ಯಾವ ವಿಳಾಸವನ್ನು ಮುಟ್ಟಲಾಯಿತು, ಮುಟ್ಟಿದ ಆಜ್ಞೆ ಯಾವ ಕ್ರಿಯೆಯ ಎಷ್ಟನೆಯ ಬೈಟಿನಲ್ಲಿದೆ, ಆ ಕ್ರಿಯೆಯನ್ನು ಕರೆದವರು ಯಾರು, ಅವರನ್ನು ಕರೆದವರು ಯಾರು ಎಂಬ ವಂಶಾವಳಿಯೆಲ್ಲ ಅದರಲ್ಲಿರುತ್ತದೆ. ವಿಳಾಸವು ಸೊನ್ನೆಗೆ ಬಹು ಸಮೀಪದ ಸಣ್ಣ ಸಂಖ್ಯೆಯಾಗಿದ್ದರೆ, ಇಲ್ಲದ ವಸ್ತುವೊಂದರ ಒಳಗಿನ ಒಂದು ಅಂಗವನ್ನು ಓದಲು ಹೋದದ್ದೆಂದೂ, ಆ ಸಂಖ್ಯೆಯಿಂದಲೇ ಯಾವ ಅಂಗವೆಂದೂ ತಿಳಿಯಬಹುದು. ವಿಳಾಸದಲ್ಲಿ ಒಂದೇ ಬೈಟು ಸಾಲಾಗಿ ಮರುಕಳಿಸುತ್ತಿದ್ದರೆ, ಬಿಟ್ಟುಕೊಟ್ಟ ಜಾಗಕ್ಕೆ ಕರ್ನೆಲು ಬೇಕೆಂದೇ ಬಳಿದಿಟ್ಟ ವಿಷವನ್ನು ಯಾರೋ ಕುಡಿದಿದ್ದಾರೆಂದು ಅರ್ಥ. ಅದರ ಹಿಂದಿನ ಸಾಲುಗಳೂ ಉಪೇಕ್ಷಿಸತಕ್ಕವಲ್ಲ. ಯಂತ್ರ ಸಾಯುವ ಮುನ್ನ, ಕಳುಹಿಸುವ ಸರದಿಯು ಹೊತ್ತು ಮೀರಿಯೂ ಕದಲಲಿಲ್ಲವೆಂದು ಕಾವಲುಗಾರನು ಕೂಗಿದ ಸಾಲು ಅನೇಕ ವೇಳೆ ಅಲ್ಲಿರುತ್ತದೆ. ನಿಜವಾದ ಕಥೆ ಆರಂಭವಾಗುವುದು ಆ ಸಾಲಿನಿಂದ.

ಆದರೆ ಈ ಓದಿಗೆ ಒಂದು ನಿಬಂಧನೆಯುಂಟು: ವಿಳಾಸಗಳನ್ನು ಹೆಸರುಗಳಾಗಿ ತಿರುಗಿಸುವ ಕೋಷ್ಟಕ, ಅಂದರೆ ಆ ಕರ್ನೆಲನ್ನು ಕಟ್ಟಿದಾಗ ಹೊರಬಂದ ಡೀಬಗ್ ಮಾಹಿತಿ, ಕೈಯಲ್ಲಿರಬೇಕು. ಅದಿಲ್ಲದಿದ್ದರೆ ಎಲ್ಲವೂ ಅಂಕಿಗಳ ಅರಣ್ಯ. ನಮ್ಮ ಜಿಲ್ಲೆಯ ಮಸ್ಕಿಯ ಶಾಸನದ ನೆನಪು ಇಲ್ಲಿ ಬಾರದಿರದು. 1837ರಲ್ಲಿ ಪ್ರಿನ್ಸೆಪ್ ಬ್ರಾಹ್ಮಿಯನ್ನು ಓದಿ ಮುಗಿಸಿದರೂ ಶಾಸನಗಳಲ್ಲಿ ಸಿಕ್ಕುತ್ತಿದ್ದದ್ದು ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳೇ. ಸಿಂಹಳದ ಗ್ರಂಥಗಳ ಬಲದಿಂದ ಅವನು ಅಶೋಕನೇ ಇರಬೇಕೆಂದು ವಿದ್ವಾಂಸರು ಊಹಿಸಿದ್ದರೂ, ಚಿನ್ನದ ಗಣಿಯ ಎಂಜಿನಿಯರಾದ ಬೀಡನ್ 1915ರಲ್ಲಿ ಮಸ್ಕಿಯ ಬಂಡೆಯನ್ನು ಕಂಡು, ಅದರಲ್ಲಿ ಅಶೋಕನೆಂಬ ಹೆಸರೇ ಹೊರಬಿದ್ದ ಮೇಲೆ, ಊಹೆಯು ಸಿದ್ಧಾಂತವಾಯಿತು. ಕರ್ನೆಲಿನ ವಿಳಾಸವನ್ನು ಹೆಸರಿನೊಡನೆ ಹೊಂದಿಸುವವನ ಸ್ಥಿತಿಯೂ ಅದೇ. ಹೆಸರು ಕೈಗೆ ಸಿಕ್ಕುವವರೆಗೆ ಅವನ ಪಾಂಡಿತ್ಯವೆಲ್ಲ ಊಹೆ. ಈಚಿನ ಕರ್ನೆಲುಗಳು, ಶತ್ರುಗಳ ಕಣ್ಣು ತಪ್ಪಿಸಲೆಂದು, ಪ್ರತಿ ಆರಂಭದಲ್ಲಿಯೂ ತಮ್ಮ ನೆಲೆಯನ್ನು ಬದಲಿಸಿಕೊಳ್ಳುವುದರಿಂದ ನಿನ್ನೆಯ ವಿಳಾಸ ಇಂದಿಗೆ ಸಲ್ಲದು. ಕೋಷ್ಟಕದ ಅಗತ್ಯ ಇನ್ನಷ್ಟು ಹೆಚ್ಚಿದೆ.

ಇದಕ್ಕೂ ಮೊದಲಿನ ಪ್ರಶ್ನೆ, ಈ ವಾರ್ತೆಯನ್ನು ಉಳಿಸಿಕೊಳ್ಳುವುದು ಹೇಗೆಂಬುದು. ಪರದೆಯ ಮೇಲೆ ಮೂಡಿದ್ದು ಯಂತ್ರ ಆರಿದೊಡನೆ ಅಳಿಯುತ್ತದೆ. ಡಿಸ್ಕಿಗೆ ಬರೆಯಿಸೋಣವೆಂದರೆ, ತಲೆಕೆಟ್ಟ ಕರ್ನೆಲಿನ ಕೈಗೆ ಲೇಖನಿ ಕೊಟ್ಟರೆ ಅದು ಕಡತವನ್ನೇ ಹಾಳುಮಾಡೀತು. ಹಳೆಯವರು ಸೀರಿಯಲ್ ಕೇಬಲಿನಿಂದ ಎರಡನೆಯ ಯಂತ್ರಕ್ಕೆ ಸಾಲುಗಳನ್ನು ಕಳಿಸುತ್ತಿದ್ದರು. ಇಂದಿಗೂ ಇದಕ್ಕಿಂತ ನಂಬಿಕೆಯ ದಾರಿ ಇಲ್ಲವೆಂದೇ ನನ್ನ ಮತ. ನೆಟ್‌ಕನ್ಸೋಲ್ ಎಂಬ ಉಪಾಯ ಆ ಸಾಲುಗಳನ್ನೂ, ನೆಟ್‌ಡಂಪ್ ಎಂಬುದು ಮೆಮೊರಿಯ ಸಮಸ್ತವನ್ನೂ, ನೆಟ್‌ವರ್ಕಿನ ಮೂಲಕವೇ ಬೇರೆಡೆಗೆ ಸಾಗಿಸುತ್ತಿದ್ದವು. ಬೇರೆ ಭಾಗಗಳ ಕುಸಿತಕ್ಕೆ ಇವು ಸರಿಯೇ, ಆದರೆ ಸತ್ತವನು ನೆಟ್‌ವರ್ಕಿನ ಡ್ರೈವರೇ ಆದಾಗ, ತನ್ನ ಸಾವಿನ ಸುದ್ದಿಯನ್ನು ಹೊತ್ತು ಒಯ್ಯಬೇಕಾದವನೂ ಅವನೇ ಆಗುತ್ತಾನಷ್ಟೆ.

ಈ ಬಿಕ್ಕಟ್ಟಿಗೆ ಇಂದು ಲಿನಕ್ಸ್ ಲೋಕವೆಲ್ಲ ಒಪ್ಪಿಕೊಂಡಿರುವ ಪರಿಹಾರದ ಬಹುಭಾಗ ಬೆಂಗಳೂರಿನಲ್ಲಿ ರೂಪುಗೊಂಡಿತು. ಎರಿಕ್ ಬೀಡರ್‌ಮನ್ ಎಂಬ ಅಮೆರಿಕದವರು, ಒಂದು ಕರ್ನೆಲಿನಿಂದ ನೇರವಾಗಿ ಇನ್ನೊಂದು ಕರ್ನೆಲಿಗೆ ಹಾರುವ ಕೆಎಕ್ಸೆಕ್ ಎಂಬ ವಿಧಾನವನ್ನು ರಚಿಸಿದ್ದರು. ಐಬಿಎಂ ಸಂಸ್ಥೆಯ ಬೆಂಗಳೂರಿನ ಲಿನಕ್ಸ್ ತಂಡದಲ್ಲಿದ್ದ ಹರಿಪ್ರಸಾದ್ ನೆಲ್ಲಿತೀರ್ಥ, ವಿವೇಕ್ ಗೋಯಲ್, ಮನೀಶ್ ಸೋನಿ ಮೊದಲಾದವರು 2004-05ರಲ್ಲಿ ಅದರ ಮೇಲೆ ಕೆಡಂಪ್ ಎಂಬ ವ್ಯವಸ್ಥೆಯನ್ನು ಕಟ್ಟಿದರು. ಅದರ ತತ್ತ್ವ ಇಷ್ಟು: ಯಂತ್ರ ಆರಂಭವಾಗುವಾಗಲೇ ಮೆಮೊರಿಯ ಒಂದು ಮೂಲೆಯನ್ನು ಮೀಸಲಿಟ್ಟು, ಅದರಲ್ಲಿ ಎರಡನೆಯ ಪುಟ್ಟ ಕರ್ನೆಲೊಂದನ್ನು ಮಲಗಿಸಿಟ್ಟಿರುವುದು, ಮೊದಲನೆಯದು ಬಿದ್ದ ಕ್ಷಣವೇ ಎರಡನೆಯದು ಎದ್ದು, ಸತ್ತವನ ಮೆಮೊರಿಯನ್ನು ಮುಟ್ಟದೆ, ಅದನ್ನೊಂದು ಕಡತದ ರೂಪದಲ್ಲಿ ಓದಿ, ಡಿಸ್ಕಿನಲ್ಲಿಯೋ ಬೇರೊಂದು ಯಂತ್ರದಲ್ಲಿಯೋ ಭದ್ರಪಡಿಸುವುದು. ಎರಡನೆಯ ಕರ್ನೆಲಿಗೆ ಪ್ರತ್ಯೇಕ ಮೂಲೆಯೇಕೆ ಎಂದು ಕೇಳಬಹುದು. ಕರ್ನೆಲು ಸತ್ತಿತೆಂಬುದು ನೆಟ್‌ವರ್ಕ್ ಕಾರ್ಡಿಗೆ ತಿಳಿಯದು. ತಂತಿಯಿಂದ ಪ್ಯಾಕೆಟ್ಟು ಬಂದಂತೆಲ್ಲ ಅದು ತನಗೆ ಹಿಂದೆ ಕೊಟ್ಟ ವಿಳಾಸಗಳಿಗೆ ಬರೆಯುತ್ತಲೇ ಇರುತ್ತದೆ. ಹೊಸ ಕರ್ನೆಲು ಆ ಜಾಗದಲ್ಲಿ ಕಾಲಿಟ್ಟರೆ ಅದೂ ಕೊಲ್ಲಲ್ಪಡುತ್ತದೆ. ಆದ್ದರಿಂದ ಯಾವ ಕಾರ್ಡಿಗೂ ಎಂದೂ ವಿಳಾಸ ಕೊಡದ ನೆಲದಲ್ಲಿ ಅದನ್ನು ಇರಿಸಿದರು. ಈ ಒಂದು ವಿವೇಚನೆಯಲ್ಲಿಯೇ ಅವರು ಹಿಂದಿನ ಎಲ್ಲ ಪ್ರಯತ್ನಗಳನ್ನೂ ಮೀರಿದರೆಂದು ಹೇಳಬೇಕು. 2005ರಲ್ಲಿ 2.6.13 ಆವೃತ್ತಿಯೊಡನೆ ಇದು ಮೂಲ ಕರ್ನೆಲಿಗೆ ಸೇರಿತು. ಹೀಗೆ ಉಳಿಸಿದ ಕಡತವನ್ನು ಡೇವ್ ಆ್ಯಂಡರ್ಸನ್ನರ ಕ್ರ್ಯಾಶ್ ಎಂಬ ಉಪಕರಣದಲ್ಲಿ ತೆರೆದು, ಬಿದ್ದ ಕ್ಷಣದಲ್ಲಿ ಉಂಗುರದ ಪಟ್ಟಿಯಲ್ಲಿ ಏನಿತ್ತು, ಯಾವ ಪ್ರೊಸೆಸರು ಎಲ್ಲಿ ನಿಂತಿತ್ತು ಎಂಬುದನ್ನೆಲ್ಲ ಬಿಡುವಾಗಿ ಕುಳಿತು ಪರೀಕ್ಷಿಸಬಹುದು.

ಸಾಯದೆ ನಡೆಯುತ್ತಿರುವ ಕರ್ನೆಲಿನ ಯಾವುದೇ ಆಜ್ಞೆಯ ಮೇಲೆ ಗೂಢಚಾರನನ್ನು ಕೂರಿಸುವ ಕೆಪ್ರೋಬ್ಸ್ ಎಂಬ ಸಾಧನದ ಕಥೆಯೂ ಇದಕ್ಕೆ ಸಮೀಪದ್ದು. 2004ರಲ್ಲಿ 2.6.9 ಆವೃತ್ತಿಯಲ್ಲಿ ಅದು ಸೇರಿತು. ಐಬಿಎಂ ಬೆಂಗಳೂರಿನ ಪ್ರಸನ್ನ ಪಂಚಮುಖಿ, ಅನಂತ ಮಾವಿನಕಾಯನಹಳ್ಳಿ ಅವರು ಅದನ್ನು ಬೆಳೆಸಿದವರಲ್ಲಿ ಪ್ರಮುಖರು. ಆ ವರ್ಷಗಳಲ್ಲಿ ಜಗತ್ತಿನ ಯಾವ ಮೂಲೆಯವನಾದರೂ ಲಿನಕ್ಸಿನ ಮೂಲವನ್ನು ಬಿಚ್ಚಿ ಅದರ ಪಾಲಕರ ಪಟ್ಟಿಯನ್ನು ಓದುವಾಗ ಮಾವಿನಕಾಯನಹಳ್ಳಿ ಎಂಬ ಹೆಸರನ್ನು ನಾಲಗೆ ತಿರುಗಿಸಿ ಓದಿರಬೇಕೆಂಬುದನ್ನು ನೆನೆದರೆ ಕನ್ನಡಿಗನಿಗೆ ಒಂದು ಚಿಕ್ಕ ಸಂತೋಷವಾಗದಿರದು.

ಬೀಳುವ ಮುನ್ನವೇ ಹಿಡಿಯುವ ಉಪಕರಣಗಳ ವಿಷಯವನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಅವುಗಳ ಗುಣ ಸ್ವಯಂಪ್ರಕಾಶ. ಬೀಗಗಳ ಕ್ರಮ ತಪ್ಪಿದರೆ ಮುನ್ನುಡಿಯುವ ಲಾಕ್‌ಡೆಪ್ 2006ರಲ್ಲಿ ಬಂತು. ಬಿಟ್ಟ ಜಾಗವನ್ನು ಮುಟ್ಟಿದ ಕ್ಷಣವೇ ಕೂಗುವ ಕೆಆಸಾನ್ 2015ರಲ್ಲಿ. ಇಂಟರಪ್ಟನ್ನು ಅಕಾಲದಲ್ಲಿ ಬೇಕೆಂದೇ ಕಳಿಸಿ ಡ್ರೈವರನ್ನು ಪರೀಕ್ಷಿಸುವ ಒಂದು ಆಯ್ಕೆಯೂ ಇದೆ. ಕಾರ್ಡು ಬರೆಯುವ ವಿಳಾಸಗಳನ್ನೇ ತಡೆದು ಪರಿಶೀಲಿಸುವ ಐಒಎಂಎಂಯು ಎಂಬ ಯಂತ್ರಾಂಶವನ್ನು ಹಚ್ಚಿದರಂತೂ, ಹಿಂದೆ ಹೇಳಿದ ‘ಹಳೆಯ ವಿಳಾಸಕ್ಕೆ ಸುರಿಯುವ’ ಅಪರಾಧ ನಡೆದಲ್ಲಿಯೇ ಸಿಕ್ಕಿಬೀಳುತ್ತದೆ. ಇವುಗಳಲ್ಲಿ ಕೆಲವು ಯಂತ್ರದ ವೇಗವನ್ನು ತಗ್ಗಿಸುವುದರಿಂದ ಪ್ರಯೋಗಶಾಲೆಯಲ್ಲಿ ಮಾತ್ರ ಹಚ್ಚಿರುತ್ತಾರೆ. ಯಂತ್ರ ಬೀಳುವುದಾದರೋ ಹೊರಗೆ.

ಮೂಲೋತ್ಪಾಟನದ ಮಾತಾಡುವವರೂ ಉಂಟು. ಟ್ಯಾನೆನ್‌ಬಾಮರ ಮಿನಿಕ್ಸ್ 3 ಎಂಬ ಕಾರ್ಯಾಚರಣ ವ್ಯವಸ್ಥೆಯು, ಡ್ರೈವರನ್ನು ಕರ್ನೆಲಿನಿಂದ ಹೊರಗೆ ಹಾಕಿ, ಬಿದ್ದರೆ ಮತ್ತೆ ಎಬ್ಬಿಸುವ ವ್ಯವಸ್ಥೆಯನ್ನು ತೋರಿಸಿಕೊಟ್ಟಿತು. ಮೈಕ್ರೋಸಾಫ್ಟ್ ಸಂಶೋಧನಾಲಯದ ಥಾಮಸ್ ಬಾಲ್ ಮತ್ತು ಮುಂದೆ ಅದರ ಬೆಂಗಳೂರು ಶಾಖೆಗೆ ಬಂದು ನಾಯಕತ್ವ ವಹಿಸಿದ ಶ್ರೀರಾಮ ರಾಜಮಣಿ, ಸ್ಲ್ಯಾಮ್ ಎಂಬ ಯೋಜನೆಯಲ್ಲಿ, ಡ್ರೈವರು ಕರ್ನೆಲಿನ ನಿಯಮಗಳನ್ನು ಮೀರುವುದಿಲ್ಲವೆಂಬುದನ್ನು ಗಣಿತದಿಂದಲೇ ಸಾಧಿಸುವ ದಾರಿಯನ್ನು ತೋರಿಸಿದರು. ವಿಂಡೋಸಿನ ಡ್ರೈವರ್ ಬರೆಯುವವರ ಕೈಗೆ ಅದು ಉಪಕರಣವಾಗಿ ಬಂತು. ಈಚೆಗೆ ರಸ್ಟ್ ಎಂಬ ಭಾಷೆಯು 2022ರ ಕೊನೆಗೆ 6.1 ಆವೃತ್ತಿಯೊಡನೆ ಲಿನಕ್ಸನ್ನು ಪ್ರವೇಶಿಸಿದೆ, 2024ರ 6.8ರಲ್ಲಿ ನೆಟ್‌ವರ್ಕಿನ ಒಂದು ಪುಟ್ಟ ಡ್ರೈವರು ಆ ಭಾಷೆಯಲ್ಲಿ ಬಂದಿದೆ. ಬಿಟ್ಟ ಜಾಗವನ್ನು ಮುಟ್ಟುವ ತಪ್ಪನ್ನು ಬರೆಯುವಾಗಲೇ ತಡೆಯುವ ಈ ಭಾಷೆಯ ಶಕ್ತಿಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ 2008ರ ಎಫ್‌ಟ್ರೇಸಿನ ಬರಹವನ್ನಾಗಲಿ, 2013ರ ಕಾರ್ಡಿನೊಳಗಣ ಕೆಟ್ಟ ಮಾಹಿತಿಯನ್ನಾಗಲಿ, ಇ1000ಇ ಡ್ರೈವರನ್ನು ಯಾವ ಭಾಷೆಯಲ್ಲಿ ಬರೆದಿದ್ದರೂ ತಡೆಯಲಾಗುತ್ತಿರಲಿಲ್ಲ. ನಿಷ್ಕಳಂಕ ಡ್ರೈವರಿನ ಯುಗ ಬಂದಮೇಲೂ ಬಿದ್ದವನ ಮೈಯನ್ನು ಪರೀಕ್ಷಿಸುವ ವಿದ್ಯೆ ಬೇಕೇ ಬೇಕು.

ಈ ಬೆಳಕಿನಲ್ಲಿ ನಮ್ಮ ಸೀಮೆಯ ಸ್ಥಿತಿಯನ್ನು ನೋಡಿದರೆ ಕಾಣುವುದು ಬೇರೆ. ಶಕ್ತಿನಗರದಲ್ಲಿ 1985ರಿಂದ ವಿದ್ಯುತ್ತು ಹುಟ್ಟುತ್ತಿದೆ. ದೀಪದ ಬುಡದಲ್ಲಿ ಕತ್ತಲೆಯೆಂಬಂತೆ ಹಳ್ಳಿಗಳಲ್ಲಿ ವೋಲ್ಟೇಜಿನ ಏರಿಳಿತ ತಪ್ಪಿಲ್ಲ. ಮೇ ತಿಂಗಳಲ್ಲಿ ಉಷ್ಣತೆ 40 ಡಿಗ್ರಿಯನ್ನು ದಾಟುವುದು ವಿಶೇಷವೇನಲ್ಲ. ನಂಜುಂಡಪ್ಪ ಸಮಿತಿಯು ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ ಎಣಿಸಿದ ದೇವದುರ್ಗದಂಥ ಕಡೆ ಯಂತ್ರ ಬಿದ್ದರೆ, ಬೆಂಗಳೂರಿನಲ್ಲಿ ನಿಂತ ಸರ್ವರಿಗೆ ಸಿಗುವ ಶುಶ್ರೂಷೆ ಅದಕ್ಕೆ ಸಿಗದು. ಬಿದ್ದದ್ದು ಕಾವಿನಿಂದಲೋ, ಸಡಿಲ ಕಾರ್ಡಿನಿಂದಲೋ, ಡ್ರೈವರಿನ ತಪ್ಪಿನಿಂದಲೋ ಎಂದು ಹೇಳಬಲ್ಲ ಸಾಕ್ಷ್ಯ ಮಾತ್ರ ಆ ಯಂತ್ರದಲ್ಲಿಯೂ ಹುಟ್ಟಿಯೇ ಇರುತ್ತದೆ. ಕಚೇರಿಗಳಲ್ಲಿ ಹೆಚ್ಚಾಗಿರುವ ವಿಂಡೋಸು ಪ್ರತಿ ಕುಸಿತದ ಸಾರವನ್ನು ಮಿನಿಡಂಪ್ ಎಂಬ ಕೆಲವು ನೂರು ಕಿಲೋಬೈಟುಗಳ ಕಡತವಾಗಿ ತನ್ನ ಡಿಸ್ಕಿನಲ್ಲಿ ತಾನೇ ಬರೆದಿಡುತ್ತದೆ. ಆಮೇಲೆ ತಾನಾಗಿಯೇ ಮರುಪ್ರಾರಂಭವಾಗುವಂತೆ ಅದನ್ನು ಮೊದಲೇ ಹೊಂದಿಸಿರುವುದರಿಂದ ನೀಲಿ ಪರದೆ ಮಿಂಚಿ ಮಾಯವಾಗುತ್ತದೆ. ಮೂರು ಸಲ ಹೀಗಾದರೆ ರಿಪೇರಿಯವನನ್ನು ಕರೆಸುತ್ತಾರೆ. ಅವನು ಬಂದು ‘ಫಾರ್ಮ್ಯಾಟ್ ಹೊಡೆದು’ ಹೋಗುತ್ತಾನೆ. ಕಾರ್ಡು ಸಡಿಲವಾಗಿದ್ದರೆ ಅದು ಸಡಿಲವಾಗಿಯೇ ಉಳಿಯುತ್ತದೆ, ಡ್ರೈವರು ಹಳೆಯದಾಗಿದ್ದರೆ ಅದೇ ಹಳೆಯ ಡ್ರೈವರೇ ಮತ್ತೆ ಬಂದು ಕೂರುತ್ತದೆ, ಅವುಗಳ ಮೇಲೆ ಸಾಕ್ಷಿ ಹೇಳಬೇಕಾಗಿದ್ದ ಕಡತ ಮಾತ್ರ ಅಳಿಯುತ್ತದೆ. ಅವನನ್ನು ದೂಷಿಸಿ ಫಲವಿಲ್ಲ; ಆ ಕಡತವನ್ನು ತೆರೆಯುವುದನ್ನು ಅವನಿಗೆ ಯಾರೂ ಕಲಿಸಿಲ್ಲ, ಕನ್ನಡದಲ್ಲಂತೂ ಯಾರೂ ಬರೆದಿಟ್ಟಿಲ್ಲ.

ರಾಯಚೂರಿಗೆ 2019ರಲ್ಲಿ ಭಾರತೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯೊಂದು ಮಂಜೂರಾಗಿ, ಹೈದರಾಬಾದಿನ ಐಐಟಿಯ ಆಶ್ರಯದಲ್ಲಿ ತರಗತಿಗಳನ್ನು ಆರಂಭಿಸಿ, ಈಗ ರಾಯಚೂರಿಗೇ ಬಂದು ನೆಲಸಿದೆ. ಅಲ್ಲಿ ಕಾರ್ಯಾಚರಣ ವ್ಯವಸ್ಥೆಯನ್ನು ಪಾಠವಾಗಿ ಓದುವ ವಿದ್ಯಾರ್ಥಿಗಳಿಗೆ, ಪಠ್ಯಪುಸ್ತಕದ ಕೃತಕ ದೋಷಗಳಿಗೆ ಬದಲಾಗಿ, ಮಾನ್ವಿಯಿಂದಲೂ ದೇವದುರ್ಗದಿಂದಲೂ ಒಂದು ಬೇಸಗೆಯ ಮಿನಿಡಂಪುಗಳನ್ನು ತರಿಸಿ, ಪಹಣಿಯ ಹೆಸರುಗಳೂ ರೈತರ ವಿವರಗಳೂ ಹೊರಬೀಳದಂತೆ ಕಟ್ಟೆಚ್ಚರದಿಂದ ಬಿಚ್ಚಿ, ಯಾವ ಕಾರ್ಡು, ಯಾವ ಡ್ರೈವರು, ಯಾವ ಆವೃತ್ತಿ ಎಂದು ಪಟ್ಟಿಮಾಡಿಸುವುದಕ್ಕೆ ದೊಡ್ಡ ಅನುದಾನವೇನೂ ಬೇಕಾಗಿಲ್ಲ; ಡೀಬಗ್ಗರು ಪುಕ್ಕಟೆಯಾಗಿ ದೊರೆಯುತ್ತದೆ, ವಿಂಡೋಸಿನ ಹೆಸರುಗಳ ಕೋಷ್ಟಕವನ್ನು ಮೈಕ್ರೋಸಾಫ್ಟೇ ಒದಗಿಸುತ್ತದೆ. ಬೇಕಾದದ್ದು, ಯಂತ್ರವನ್ನು ಫಾರ್ಮ್ಯಾಟ್ ಮಾಡುವ ಮುನ್ನ ಆ ಒಂದು ಫೋಲ್ಡರನ್ನು ಪೆನ್‌ಡ್ರೈವಿಗೆ ಎತ್ತಿಟ್ಟುಕೊಳ್ಳಬೇಕೆಂಬ ಒಂದು ಸಾಲಿನ ಸುತ್ತೋಲೆ.